ಸಂಪಾದಕರ ಉತ್ತರ: ಕಂಪನಿಯ ಅರ್ಧ ಷೇರು ಕೊಡುತ್ತೇವೆಂದರೆ ಸಹಿ ಹಾಕಬಹುದೇ?

(ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ ಬೆಂಗಳೂರಿನ ಓದುಗರೊಬ್ಬರು ಬರೆದ ಪತ್ರದ ಸಾರ: ‘ನಮ್ಮ ಮದುವೆಯಾಗಿ 27 ವರ್ಷಗಳಾಗಿವೆ. ಪೀಣ್ಯದಲ್ಲಿ ಪತಿ ನಡೆಸುವ ಯಂತ್ರದ ಬಿಡಿಭಾಗಗಳ ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಅವರಿಗೆ ಶೇ. 62, ಮೈದುನನಿಗೆ ಶೇ. 28, ನನಗೆ ಶೇ. 10ರಷ್ಟು ಷೇರುಗಳಿವೆ. ನಾನು ಅಲ್ಲಿ ನಿರ್ದೇಶಕಿ. ಕಂಪನಿಯ ಬ್ಯಾಂಕ್ ಸಾಲಕ್ಕೆ ಜಾಮೀನು ಸಹಿಯನ್ನೂ ಹಾಕಿದ್ದೇನೆ. ಜಯನಗರದ ಮನೆ ಇಬ್ಬರ ಹೆಸರಿನಲ್ಲಿದೆ, ಮೈಸೂರಿನ ನಿವೇಶನ ನನ್ನ ಹೆಸರಿನಲ್ಲಿದೆ, ಮೂಡಿಗೆರೆಯ ಕಾಫಿ ತೋಟ ಅವರ ಅವಿಭಕ್ತ ಕುಟುಂಬದ್ದು. ಹಿಂದೆ ಕ್ಯಾಲಿಫೋರ್ನಿಯಾದಲ್ಲಿದ್ದಾಗ ಫ್ರೀಮಾಂಟ್‌ನಲ್ಲಿ ಜಂಟಿಯಾಗಿ ಕೊಂಡ ಮನೆಯೂ ಇದೆ. ಒಪ್ಪಿಗೆಯ ವಿಚ್ಛೇದನಕ್ಕೆ ಅವರ ವಕೀಲರು ಕರಡು ಕಳಿಸಿದ್ದಾರೆ. ಪತಿಯ ಷೇರುಗಳಲ್ಲಿ ಅರ್ಧ ನನಗೆ; ಪ್ರತಿಯಾಗಿ ಎರಡೂ ಮನೆ, ನಿವೇಶನ ಮತ್ತು ಜೀವನಾಂಶದ ಹಕ್ಕನ್ನು ನಾನು ಬಿಡಬೇಕು. ಹೆಂಡತಿಗೆ ಅರ್ಧ ಸಿಗುವುದು ಕಾನೂನೆಂದು ಎಲ್ಲರೂ ಹೇಳುತ್ತಾರೆ. ಮಗಳಿಗೆ 22 ವರ್ಷ. ಸಹಿ ಹಾಕಲೇ?’)

ಮಾನ್ಯ ಸೋದರಿ,

ಈಗಿರುವ ರೂಪದಲ್ಲಿ ಆ ಕರಡಿಗೆ ಸಹಿ ಹಾಕಬೇಡಿ. ನಿಮ್ಮ ಪತಿ ಮೋಸ ಮಾಡುತ್ತಿದ್ದಾರೆಂದು ನಾವು ಹೇಳುತ್ತಿಲ್ಲ. ಅವರ ವಕೀಲರು ತಮ್ಮ ಕಕ್ಷಿದಾರರ ಹಿತವನ್ನು ನೋಡಿಕೊಂಡಿದ್ದಾರೆ, ಅಷ್ಟೆ. ಆದರೆ ಆ ಕಾಗದದಲ್ಲಿ ನೀವು ಬಿಡಬೇಕಾದದ್ದೆಲ್ಲ ನಾಳೆಯೇ ಮಾರಬಹುದಾದ ಆಸ್ತಿ. ನಿಮಗೆ ಬರುವುದು ಕೊಳ್ಳುವವರೇ ಇಲ್ಲದ ಆಸ್ತಿ.

ಮೊದಲಿಗೆ ‘ಅರ್ಧ’ದ ವಿಚಾರ. ಹಿಂದೂ ವಿವಾಹ ಕಾಯ್ದೆ, 1955ರಲ್ಲಿ ಗಂಡಹೆಂಡಿರ ಆಸ್ತಿಯನ್ನು ವಿಚ್ಛೇದನದ ವೇಳೆ ಸಮನಾಗಿ ಹಂಚುವ ಯಾವ ನಿಯಮವೂ ಇಲ್ಲ. 27ನೇ ಕಲಮು ಮದುವೆಯ ಸಂದರ್ಭದಲ್ಲಿ ಇಬ್ಬರಿಗೂ ಸೇರಿ ಬಂದ ಉಡುಗೊರೆಗಳಿಗೆ ಸೀಮಿತವಾದದ್ದು. 25ನೇ ಕಲಮು ಶಾಶ್ವತ ಜೀವನಾಂಶವನ್ನು ಕುರಿತದ್ದು. ಅಲ್ಲಿ ಪತಿಯ ಆಸ್ತಿ ಜೀವನಾಂಶದ ಮೊತ್ತವನ್ನು ನಿರ್ಧರಿಸುವ ಅಳತೆಗೋಲೇ ಹೊರತು ಹಂಚಿಕೊಳ್ಳುವ ರಾಶಿಯಲ್ಲ. ಪತಿಯ ಆಸ್ತಿಯಲ್ಲಿ ಪತ್ನಿಗೆ ಪಾಲು ಕೊಡಿಸಬಹುದಾಗಿದ್ದ ತಿದ್ದುಪಡಿ ಮಸೂದೆಯೊಂದು 2013ರಲ್ಲಿ ರಾಜ್ಯಸಭೆಯ ಒಪ್ಪಿಗೆ ಪಡೆದರೂ, ಮರುವರ್ಷ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. ನಮ್ಮ ಗಡಿಯಾಚೆಯ ಗೋವಾದಲ್ಲಿ ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆಯ ಪ್ರಕಾರ ದಂಪತಿಯ ಆಸ್ತಿ ಸಾಮಾನ್ಯವಾಗಿ ಇಬ್ಬರಿಗೂ ಸಮನಾಗಿ ಸೇರುತ್ತದೆ. ಕಾರವಾರದ ಕಡೆಯವರ ಬಾಯಲ್ಲಿ ಕೇಳಿಬರುವ ಅರ್ಧಪಾಲಿನ ಮಾತಿಗೆ ಅದೂ ಒಂದು ಮೂಲವಿರಬಹುದು. ಕರ್ನಾಟಕದಲ್ಲಿ ಅದು ನಡೆಯುವುದಿಲ್ಲ.

2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೆಲವೇ ದಿನಗಳ ಅಂತರದಲ್ಲಿ ಕೊಟ್ಟ ಎರಡು ತೀರ್ಪುಗಳನ್ನು ನಿಮ್ಮ ವಕೀಲರೊಂದಿಗೆ ಕೂತು ಓದಿ. ಒಂದರಲ್ಲಿ ಪತ್ನಿಗೆ 5 ಕೋಟಿ, ಮಗನಿಗೆ 1 ಕೋಟಿ ರೂಪಾಯಿಗಳನ್ನು ನಿಗದಿಪಡಿಸಿ, ಸಂಸಾರದಲ್ಲಿದ್ದ ಜೀವನಮಟ್ಟ, ಕುಟುಂಬಕ್ಕಾಗಿ ಪತ್ನಿ ಬಿಟ್ಟುಕೊಟ್ಟ ಉದ್ಯೋಗ, ಪತಿಯ ಸಾಮರ್ಥ್ಯ ಮತ್ತು ಹೊಣೆಗಾರಿಕೆ ಮುಂತಾಗಿ ಗಮನಿಸಬೇಕಾದ ಅಂಶಗಳನ್ನು ನ್ಯಾಯಾಲಯ ಹೆಸರಿಸಿತು. ಇನ್ನೊಂದರಲ್ಲಿ ಅಲ್ಪಕಾಲದ ದಾಂಪತ್ಯದ ನಂತರ ಪತಿಯ ಸಂಪತ್ತಿಗೆ ಸರಿಸಮವಾಗುವ ಮೊತ್ತ ಬೇಕೆಂಬ ಬೇಡಿಕೆಯನ್ನು ಒಪ್ಪದೆ, 12 ಕೋಟಿಗೆ ನಿಲ್ಲಿಸಿತು. ಸಂಪತ್ತನ್ನು ಸರಿದೂಗಿಸುವುದಕ್ಕೆ ಜೀವನಾಂಶ ದಾರಿಯಲ್ಲ ಎಂಬುದು ಅದರ ತಾತ್ಪರ್ಯ. ಮನೆಗೆಲಸವೂ ಆಸ್ತಿಯ ಗಳಿಕೆಗೆ ಕೊಟ್ಟ ಕೊಡುಗೆಯೆಂದು ಒಪ್ಪಿ ಪತ್ನಿಗೆ ಸಮಪಾಲು ಎತ್ತಿಹಿಡಿದ ಮದ್ರಾಸ್ ಹೈಕೋರ್ಟಿನ 2023ರ ತೀರ್ಪು ನಮ್ಮ ದೃಷ್ಟಿಯಲ್ಲಿ ಹೆಚ್ಚು ನ್ಯಾಯವಾದದ್ದು. ಆದರೆ ಇಲ್ಲಿನ ನ್ಯಾಯಾಲಯಗಳು ಅದಕ್ಕೆ ಬದ್ಧವಲ್ಲ. ಆದುದರಿಂದ ಅರ್ಧವೆಷ್ಟು ಎಂಬ ಲೆಕ್ಕವನ್ನು ಬದಿಗಿಟ್ಟು, ಈಗಾಗಲೇ ನಿಮ್ಮದಾಗಿರುವುದು ಯಾವುದು, ಜಂಟಿಯಾದದ್ದು ಯಾವುದು, ಕೇವಲ ಅವರದು ಯಾವುದು ಎಂದು ಬೇರ್ಪಡಿಸಿಕೊಳ್ಳಿ. ಹಾಗೆ ನೋಡಿದರೆ ಕರಡಿನಲ್ಲಿ ನಿಮ್ಮಿಂದ ‘ಪ್ರತಿಯಾಗಿ’ ಕೇಳಿರುವುದರಲ್ಲಿ ಬಹುಪಾಲು ನಿಮ್ಮ ಹೆಸರಿನಲ್ಲೇ ಇದೆ.

ಈಗ ಷೇರುಗಳಿಗೆ ಬರೋಣ, ತೊಡಕಿರುವುದೇ ಅಲ್ಲಿ. ಅವರ ಶೇ. 62ರಲ್ಲಿ ಅರ್ಧ ಬಂದರೆ ನಿಮ್ಮದು ಶೇ. 41 ಆಗುತ್ತದೆ. ವಿಶೇಷ ನಿರ್ಣಯಕ್ಕೆ (ಕಂಪನಿಯ ನಿಯಮ ಬದಲಿಸುವಂಥ ದೊಡ್ಡ ತೀರ್ಮಾನಕ್ಕೆ) ನಾಲ್ಕರಲ್ಲಿ ಮೂರು ಪಾಲು ಮತ ಬೇಕಾದುದರಿಂದ ಅದನ್ನು ತಡೆಯುವ ಬಲ ನಿಮಗೆ ಬರುತ್ತದೆ. ಆದರೆ ಪತಿಯ ಶೇ. 31 ಮತ್ತು ಮೈದುನನ ಶೇ. 28 ಸೇರಿದರೆ ಶೇ. 59. ನಿಮ್ಮನ್ನು ನಿರ್ದೇಶಕ ಸ್ಥಾನದಿಂದ ತೆಗೆಯಲು, ಅಣ್ಣತಮ್ಮಂದಿರ ಸಂಬಳ ಏರಿಸಲು, ಲಾಭಾಂಶ ಹಂಚದೆ ಕಂಪನಿಯಲ್ಲೇ ಉಳಿಸಿಕೊಳ್ಳಲು ಅಷ್ಟು ಸಾಕು. ಹೊಸ ಬಂಡವಾಳ ಬೇಕೆಂದು ರೈಟ್ಸ್ ಷೇರು (ಈಗಿನ ಷೇರುದಾರರಿಗೆ ಅವರವರ ಪಾಲಿಗೆ ತಕ್ಕಂತೆ ಮಾರುವ ಹೊಸ ಷೇರು) ಹೊರಡಿಸಿದರೆ, ಹಣ ಹೂಡಲಾಗದ ನಿಮ್ಮ ಪಾಲು ತಾನಾಗಿ ಕುಗ್ಗುತ್ತದೆ. ಖಾಸಗಿ ಕಂಪನಿಯ ಷೇರನ್ನು ಹೊರಗಿನವರಿಗೆ ಮುಕ್ತವಾಗಿ ಮಾರುವಂತಿಲ್ಲ. ಮೊದಲು ಉಳಿದ ಷೇರುದಾರರಿಗೇ ತೋರಿಸಬೇಕೆಂಬ ಷರತ್ತು ಇಂಥ ಕಂಪನಿಗಳ ಅಂತರ್ನಿಯಮಗಳಲ್ಲಿ (ಆರ್ಟಿಕಲ್ಸ್ ಆಫ್ ಅಸೋಸಿಯೇಷನ್) ಸಾಮಾನ್ಯವಾಗಿ ಇರುತ್ತದೆ. ನಿಮ್ಮ ಕಂಪನಿಯ ಅಂತರ್ನಿಯಮಗಳನ್ನು ತರಿಸಿ ಓದಿ. ಬೇಡವೆನ್ನುವ ಅಧಿಕಾರದಿಂದ ಮಗಳ ಕಾಲೇಜು ಶುಲ್ಕ ಕಟ್ಟಲಾಗುವುದಿಲ್ಲ. ದಬ್ಬಾಳಿಕೆಯೆಂದು ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗುವ ದಾರಿಯೇನೋ ಇದೆ, ಅದಕ್ಕೆ ಬೇಕಾದ ಹತ್ತರಲ್ಲೊಂದು ಪಾಲು ಇವತ್ತಿಗೂ ನಿಮ್ಮಲ್ಲಿದೆ. ಆದರೆ ಒಂದು ವ್ಯಾಜ್ಯ ಮುಗಿಸಲು ಹೊರಟವರು ಇನ್ನೊಂದನ್ನು ಕೊಂಡುಕೊಳ್ಳಬಾರದು.

ನಮ್ಮ ಸಲಹೆ ಇದಕ್ಕೆ ವಿರುದ್ಧ ದಿಕ್ಕಿನದು. ಅವರ ಷೇರು ನಿಮಗೆ ಬೇಡ, ನಿಮ್ಮ ಶೇ. 10ನ್ನೂ ಅವರೇ ನ್ಯಾಯವಾದ ಬೆಲೆಗೆ ಕೊಳ್ಳಲಿ. ಆ ಬೆಲೆಯನ್ನು ಇಬ್ಬರೂ ಒಪ್ಪಿದ ಸ್ವತಂತ್ರ ಮೌಲ್ಯಮಾಪಕರು ಕಟ್ಟಬೇಕು, ಕಂಪನಿಯ ಆಡಿಟರ್ ಅಲ್ಲ. ಬ್ಯಾಲೆನ್ಸ್ ಶೀಟ್ ಒಂದನ್ನೇ ನಂಬಿದರೆ ಮೋಸಹೋಗುತ್ತೀರಿ, ಏಕೆಂದರೆ ಕಂಪನಿಗೆ ಸ್ವಂತ ಜಾಗವಿದ್ದರೆ ಅದು ಸಾಮಾನ್ಯವಾಗಿ ದಶಕಗಳ ಹಿಂದಿನ ಖರೀದಿ ಬೆಲೆಯಲ್ಲೇ ಅಲ್ಲಿ ನಮೂದಾಗಿರುತ್ತದೆ. ಜಾಗ ಪತಿಯ ಸ್ವಂತ ಹೆಸರಿನಲ್ಲಿದ್ದು ಕಂಪನಿ ಬಾಡಿಗೆ ಕಟ್ಟುತ್ತಿದ್ದರೆ ಲೆಕ್ಕವೇ ಬೇರೆ. ಅಲ್ಪಪಾಲು, ಮಾರಾಟಕ್ಕೆ ಕಷ್ಟ ಎಂಬ ಕಾರಣ ಹೇಳಿ ನಿಮ್ಮ ಷೇರಿನ ಬೆಲೆಯಲ್ಲಿ ಕಡಿತ ಕೇಳುತ್ತಾರೆ. ಕೊಳ್ಳುವವರು ನಿಯಂತ್ರಣ ಹೊಂದಿದ ಪತಿಯೇ ಆಗಿರುವಾಗ ಆ ಕಡಿತವನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಇನ್ನೊಂದು ಮಾತು: ಕುಟುಂಬದ ಕಂಪನಿಗಳಲ್ಲಿ ನಿರ್ದೇಶಕರ ಹೆಸರಿನಲ್ಲಿ ಭದ್ರತೆಯಿಲ್ಲದ ಸಾಲವೆಂದು ಹಣ ಜಮೆಯಾಗಿರುವುದು ಸಾಮಾನ್ಯ, ಎಷ್ಟೋ ಹೆಣ್ಣುಮಕ್ಕಳಿಗೆ ತಮ್ಮ ಹೆಸರಿನಲ್ಲಿ ಹಾಗೊಂದು ಬಾಕಿ ಇರುವುದೇ ತಿಳಿದಿರುವುದಿಲ್ಲ. ಅದು ಕಂಪನಿ ನಿಮಗೆ ತೀರಿಸಬೇಕಾದ ಸಾಲ. ಷೇರುದಾರರಾಗಿ ಲೆಕ್ಕಪತ್ರಗಳ ಪ್ರತಿ ಪಡೆಯುವ ಹಕ್ಕು ನಿಮಗಿದೆ. ಕಂಪನಿಗಳ ರಿಜಿಸ್ಟ್ರಾರ್‌ಗೆ ಸಲ್ಲಿಸಿದ ವಾರ್ಷಿಕ ದಾಖಲೆಗಳನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು.

ಜಾಮೀನಿನ ವಿಚಾರವನ್ನು ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ, ನಮಗೆ ಅತ್ಯಂತ ಆತಂಕ ತಂದದ್ದು ಅದೇ. ವಿಚ್ಛೇದನದ ಡಿಕ್ರಿ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ನೀವು ನಿರ್ದೇಶಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟರೂ, ಷೇರುಗಳನ್ನೆಲ್ಲ ಬಿಟ್ಟರೂ, ಬ್ಯಾಂಕು ಬರವಣಿಗೆಯಲ್ಲಿ ಬಿಡುಗಡೆ ಮಾಡುವವರೆಗೆ ಈಗಿರುವ ಸಾಲಕ್ಕೆ ನೀವು ಹೊಣೆಯೇ. ನೋಟಿಸ್ ಕೊಟ್ಟು ಮುಂದಿನ ವ್ಯವಹಾರಗಳಿಗೆ ಜಾಮೀನನ್ನು ಹಿಂಪಡೆಯಲು ಕರಾರು ಕಾಯ್ದೆ ಅವಕಾಶ ಕೊಟ್ಟರೂ, ಬ್ಯಾಂಕುಗಳು ಸಹಿ ಹಾಕಿಸಿಕೊಳ್ಳುವ ಪತ್ರಗಳಲ್ಲಿ ಆ ದಾರಿಯನ್ನು ಕಿರಿದಾಗಿಸುವ ಷರತ್ತುಗಳಿರುತ್ತವೆ. ಪತಿ ಬೇರೆ ಜಾಮೀನುದಾರರನ್ನು ಒದಗಿಸಿ ಬ್ಯಾಂಕಿನ ಬಿಡುಗಡೆ ಪತ್ರವನ್ನು ನಿಮ್ಮ ಕೈಗೆ ತಂದುಕೊಟ್ಟ ಮೇಲೆಯೇ ಅಂತಿಮ ಸಹಿ ಎಂಬ ಷರತ್ತು ಕರಾರಿನಲ್ಲಿ ಇರಲೇಬೇಕು.

ಜಯನಗರದ ಮನೆಯಲ್ಲಿ ಯಾರು ಎಷ್ಟು ಹಣ ಹಾಕಿದರೆಂಬುದಕ್ಕೆ ಪುರಾವೆ ಇಲ್ಲದಿದ್ದರೆ ಇಬ್ಬರಿಗೂ ಸಮಪಾಲು ಎಂದೇ ಕಾನೂನು ಭಾವಿಸುತ್ತದೆ. ಕಂತುಗಳೆಲ್ಲ ಪತಿಯ ಖಾತೆಯಿಂದಲೇ ಹೋಗಿದ್ದರೆ ಅವರು ತಕರಾರು ತೆಗೆಯಬಹುದು. ಮೈಸೂರಿನ ನಿವೇಶನಕ್ಕೂ ಅದೇ ಎಚ್ಚರಿಕೆ. ಪತಿ ತನ್ನ ಗೊತ್ತಾದ ಆದಾಯದಿಂದ ಪತ್ನಿಯ ಹೆಸರಿನಲ್ಲಿ ಕೊಳ್ಳುವುದು ಬೇನಾಮಿಯಲ್ಲ, ಆದರೆ ನಿಜವಾದ ಒಡೆಯ ತಾನೇ ಎಂದು ಅವರು ವಾದಿಸಲು ಆ ವಿನಾಯಿತಿಯೇ ಬಾಗಿಲು ತೆರೆಯುತ್ತದೆ. ಖಾತೆ, ತೆರಿಗೆ ರಸೀದಿ, ಕ್ರಯಪತ್ರದ ಮೂಲಪ್ರತಿ ನಿಮ್ಮ ಬಳಿಯೇ ಇರಲಿ. ಒಡವೆಗಳ ಬಗ್ಗೆ ಚರ್ಚೆಯೇ ಬೇಡ: ಸ್ತ್ರೀಧನದ ಪೂರ್ಣ ಒಡೆತನ ಹೆಂಡತಿಯದೆಂದು ಸುಪ್ರೀಂ ಕೋರ್ಟ್ 1985ರಲ್ಲೇ ಸ್ಪಷ್ಟಪಡಿಸಿದೆ. ಅದನ್ನು ಜೀವನಾಂಶದ ಲೆಕ್ಕಕ್ಕೆ ಹಿಡಿಯಲು ಬಿಡಬೇಡಿ.

ಕಾಫಿ ತೋಟದಲ್ಲಿ ಸೊಸೆಯಾಗಿ ನೀವು ವಿಭಾಗ ಕೇಳಲಾಗದು. ನಿಮ್ಮ ಮಗಳ ಸ್ಥಿತಿ ಹಾಗಲ್ಲ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳನ್ನು ಸಹದಾಯಾದಿಗಳನ್ನಾಗಿ, ಅಂದರೆ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳಂತೆಯೇ ಪಾಲುದಾರರನ್ನಾಗಿ, ಮಾಡಿತು. 2005ರ ಕೇಂದ್ರ ತಿದ್ದುಪಡಿ ಮತ್ತು 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅದು ಹುಟ್ಟಿನಿಂದ ಬರುವ ಹಕ್ಕೆಂಬುದರಲ್ಲಿ ಸಂಶಯ ಉಳಿದಿಲ್ಲ. ನೀವು ಸಹಿ ಹಾಕುವ ಯಾವ ಕರಾರೂ ವಯಸ್ಕಳಾದ ಆಕೆಯ ಪಾಲನ್ನು ಬಿಟ್ಟುಕೊಡಲಾರದು. ‘ನಾನು ಮತ್ತು ನನ್ನ ಸಂತತಿ’ ಎಂಬ ಪದಗಳು ಕರಡಿನಲ್ಲಿದ್ದರೆ ಹೊಡೆದುಹಾಕಿಸಿ. ತೋಟದ ಆದಾಯ ಬಹುಮಟ್ಟಿಗೆ ಕೃಷಿ ಆದಾಯವಾಗಿ ತೆರಿಗೆಯ ಹೊರಗೆ ಉಳಿಯುವುದರಿಂದ, ಪತಿಯ ಆದಾಯ ತೆರಿಗೆ ವಿವರಪತ್ರ ನೋಡಿ ಅವರ ಸಾಮರ್ಥ್ಯ ಅಳೆಯಲಾಗದು. ಕ್ಯೂರಿಂಗ್ ವರ್ಕ್ಸ್‌ಗೆ (ಕಾಫಿ ಸಂಸ್ಕರಣಾ ಘಟಕಕ್ಕೆ) ಹೋದ ಕಾಫಿಯ ರಸೀದಿಗಳು ಹೆಚ್ಚು ನಿಜ ಹೇಳುತ್ತವೆ. 2020ರ ನವೆಂಬರಿನ ರಜನೇಶ್–ನೇಹಾ ಪ್ರಕರಣದ ತೀರ್ಪಿನಂತೆ, ಜೀವನಾಂಶದ ಅರ್ಜಿ ಬಂದಾಗ ಇಬ್ಬರೂ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ ಸಲ್ಲಿಸಬೇಕು. ಒಪ್ಪಿಗೆಯ ಮಾತುಕತೆಯಲ್ಲೂ ಅದೇ ನಮೂನೆಯಲ್ಲಿ ವಿವರ ಕೊಡಿರೆಂದು ಕೇಳಿ. ಕೊಡಲು ಹಿಂಜರಿದರೆ ಕರಡನ್ನು ಅಲ್ಲಿಗೇ ನಿಲ್ಲಿಸಬಹುದು.

ಫ್ರೀಮಾಂಟ್ ಮನೆಯೊಂದರ ಮಟ್ಟಿಗೆ ‘ಅರ್ಧ’ದ ಮಾತು ನಿಜವಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದ ದಂಪತಿ ಮದುವೆಯ ನಂತರ ದುಡಿದು ಗಳಿಸಿದ್ದು ಸಾಮಾನ್ಯವಾಗಿ ಇಬ್ಬರಿಗೂ ಸಮ. ಬೆಂಗಳೂರಿನ ನ್ಯಾಯಾಲಯ ಆ ಮನೆಯ ಒಡೆತನವನ್ನು ನೇರವಾಗಿ ನಿರ್ಣಯಿಸಲಾರದು. ಹೆಚ್ಚೆಂದರೆ ಪತಿ ಇಂಥದ್ದನ್ನು ಮಾಡಬೇಕೆಂದು ಆಜ್ಞಾಪಿಸೀತು. ಆದ್ದರಿಂದ ಅಲ್ಲಿನ ವಕೀಲರೊಬ್ಬರಿಂದ ಪತ್ರ ಸಿದ್ಧಪಡಿಸಿ, ಅಲ್ಲಿನ ದಾಖಲೆಯಲ್ಲಿ ನೋಂದಾಯಿಸಬೇಕು. ನೀವು ಅಮೆರಿಕದ ಪ್ರಜೆಗಳೂ ನಿವಾಸಿಗಳೂ ಅಲ್ಲವಾದರೆ, ಮಾರುವಾಗ ಕೊಳ್ಳುವವರು ಸಾಮಾನ್ಯವಾಗಿ ಬೆಲೆಯ ಶೇ. 15ನ್ನು ಅಲ್ಲಿನ ತೆರಿಗೆಗೆಂದು ಹಿಡಿದುಕೊಳ್ಳುತ್ತಾರೆ. ಇಲ್ಲಿನ ವಿವರಪತ್ರದಲ್ಲಿ ಆ ಮನೆಯನ್ನು ವಿದೇಶಿ ಆಸ್ತಿಯೆಂದು ನೀವಿಬ್ಬರೂ ತೋರಿಸುತ್ತ ಬಂದಿದ್ದೀರೋ ಇಲ್ಲವೋ ಎಂಬುದನ್ನು ಈಗಲೇ ನೋಡಿಕೊಳ್ಳಿ. 2015ರ ಕಪ್ಪುಹಣ ಕಾಯ್ದೆಯ ದಂಡಕ್ಕೆ ಗಂಡಹೆಂಡಿರ ಜಗಳ ನೆಪವಾಗುವುದಿಲ್ಲ.

ತೆರಿಗೆಯ ದೃಷ್ಟಿಯಿಂದ ಒಂದು ಕೋಟಿ ಎಂದರೆ ಎಲ್ಲ ಕಡೆ ಒಂದೇ ಕೋಟಿಯಲ್ಲ. ಒಂದೇ ಗಂಟಾಗಿ ಬರುವ ಜೀವನಾಂಶವನ್ನು ಬಂಡವಾಳ ಸ್ವರೂಪದ ಪಾವತಿಯೆಂದು ಬಾಂಬೆ ಹೈಕೋರ್ಟ್ ಪರಿಗಣಿಸಿದೆ. ತಿಂಗಳು ತಿಂಗಳು ಬರುವುದು ಆದಾಯವಾಗಿ ತೆರಿಗೆಗೆ ಒಳಪಡುತ್ತದೆ. ದಾನವಾಗಿ ಬಂದ ಹಳೆಯ ಆಸ್ತಿಯನ್ನು ನೀವು ಮಾರಿದಾಗ, ಹಿಂದಿನವರು ಕೊಟ್ಟ ಕಡಿಮೆ ಬೆಲೆಯನ್ನೇ ಮೂಲವಾಗಿಟ್ಟು ಲಾಭ ಲೆಕ್ಕ ಹಾಕುವುದರಿಂದ ತೆರಿಗೆಯ ಭಾರ ನಿಮ್ಮ ಮೇಲೆ ಬೀಳುತ್ತದೆ. ಮನೆಯಲ್ಲಿನ ಪತಿಯ ಪಾಲನ್ನು ನಿಮಗೆ ದಾನಪತ್ರದ ಮೂಲಕ ಬಿಟ್ಟುಕೊಡುವುದಾದರೆ ಡಿಕ್ರಿಗೆ ಮುಂಚೆಯೇ ಆಗಲಿ: ಪತಿಪತ್ನಿಯರ ನಡುವಿನ ದಾನಪತ್ರಕ್ಕೆ ಕರ್ನಾಟಕದಲ್ಲಿರುವ ಮುದ್ರಾಂಕ ಶುಲ್ಕದ ರಿಯಾಯಿತಿ ವಿಚ್ಛೇದನದ ನಂತರ ಉಳಿಯದು. ರಾಜಿ ಡಿಕ್ರಿಯ ಮೂಲಕ ವರ್ಗಾಯಿಸುವುದಾದರೆ ಆ ಆಸ್ತಿ ಅರ್ಜಿಯ ಷೆಡ್ಯೂಲಿನಲ್ಲಿ (ಆಸ್ತಿಗಳ ಪಟ್ಟಿಯಲ್ಲಿ) ಇರಬೇಕು, ಹೊರಗಿನ ಆಸ್ತಿಯನ್ನು ರಾಜಿಯಲ್ಲಿ ಸೇರಿಸಿದರೆ ಡಿಕ್ರಿಯನ್ನು ನೋಂದಾಯಿಸಬೇಕಾಗುತ್ತದೆ.

ಇನ್ನು ಹಣ ಕೈಸೇರುವ ಕ್ರಮ. ಒಪ್ಪಿಗೆಯ ವಿಚ್ಛೇದನದಲ್ಲಿ ಜಂಟಿ ಅರ್ಜಿ ಸಲ್ಲಿಸುವ ಮೊದಲ ಹಂತ ಮತ್ತು ಒಪ್ಪಿಗೆಯನ್ನು ಖಚಿತಪಡಿಸುವ ಎರಡನೆಯ ಹಂತದ ನಡುವೆ ಆರು ತಿಂಗಳ ಅಂತರವಿದ್ದು, ತಕ್ಕ ಕಾರಣವಿದ್ದರೆ ಅದನ್ನು ಮನ್ನಿಸಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವಸರದಲ್ಲಿರುವುದು ನೀವಲ್ಲವಾದರೆ ಆ ವಿನಾಯಿತಿಗೆ ಒಪ್ಪಬೇಡಿ. ಮೊದಲ ಹಂತದಲ್ಲಿ ಒಂದು ದೊಡ್ಡ ಕಂತು, ಎರಡನೆಯ ಹಂತದ ದಿನ ನ್ಯಾಯಾಲಯದಲ್ಲೇ ಡಿಮಾಂಡ್ ಡ್ರಾಫ್ಟ್ ಮೂಲಕ ಉಳಿದದ್ದು ಎಂದಾದರೆ ಒಳ್ಳೆಯದು. ವ್ಯಾಪಾರಸ್ಥರ ಬಳಿ ಅಷ್ಟು ನಗದು ಒಟ್ಟಿಗೆ ಇರುವುದಿಲ್ಲವೆಂಬುದೂ ನಿಜವಾದುದರಿಂದ ಕೆಲವು ಕಂತುಗಳನ್ನು ನಂತರಕ್ಕೆ ಬಿಡಬೇಕಾದೀತು. ಆಗ ಅದಕ್ಕೆ ಪತಿಯ ಸ್ಥಿರಾಸ್ತಿಯ ಮೇಲೆ ಭೋಜ (ಬಾಕಿಗೆ ಆ ಆಸ್ತಿಯೇ ಭದ್ರತೆಯೆಂಬ ಋಣಭಾರ) ಇರಿಸಿ. 25ನೇ ಕಲಮಿನಲ್ಲೇ ಅದಕ್ಕೆ ಅವಕಾಶವಿದೆ. ತಪ್ಪಿದ ಕಂತಿಗೆ ಬಡ್ಡಿಯ ದರವನ್ನೂ ಬರೆಸಿ.

ಇಷ್ಟೆಲ್ಲ ಕೇಳಿದರೆ ಆಸೆಬುರುಕಿ ಎಂದಾರು ಎಂಬ ಅಳುಕು ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತದೆ. ಪತಿ ಒಬ್ಬ ಪಾಲುದಾರನಿಂದ ಬೇರೆಯಾಗುವಾಗ ಇದರ ಎರಡರಷ್ಟು ಪ್ರಶ್ನೆ ಕೇಳುತ್ತಿದ್ದರು, ಯಾರೂ ಏನೂ ಅನ್ನುತ್ತಿರಲಿಲ್ಲ. ಮಾತುಕತೆ ಮನೆಯಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ನ್ಯಾಯದೇಗುಲದಲ್ಲಿರುವ ಮಧ್ಯಸ್ಥಿಕಾ ಕೇಂದ್ರದಲ್ಲಿ ಕುಳಿತು ಮಾತಾಡಬಹುದು. ಅಲ್ಲಿಗೆ ವಕೀಲರ ಜೊತೆ ನಿಮ್ಮದೇ ಆದ ಲೆಕ್ಕಪರಿಶೋಧಕರನ್ನೂ ಕರೆದೊಯ್ಯಿರಿ, ಪತಿಯ ಕುಟುಂಬಕ್ಕೆ ಲೆಕ್ಕ ಬರೆಯುವವರನ್ನಲ್ಲ. ಸದ್ಯಕ್ಕೆ ಕರಡನ್ನು ಸಹಿಯಿಲ್ಲದೆ ಹಿಂದಿರುಗಿಸಿ, ಜೊತೆಗೆ ಕಂಪನಿಯ ಮೂರು ವರ್ಷಗಳ ಲೆಕ್ಕಪತ್ರ, ಬ್ಯಾಂಕಿನ ಜಾಮೀನು ಪತ್ರದ ಪ್ರತಿ ಮತ್ತು ಆಸ್ತಿಗಳ ಪ್ರಮಾಣಪತ್ರವನ್ನು ಕೇಳಿ ಬರವಣಿಗೆಯಲ್ಲಿ ಒಂದು ಪತ್ರ ಕೊಡಿ.

– ಸಂಪಾದಕ