ಮೆಂಫಿಸ್‌ಗೆ ಬಂದವರು ರೆಕಾರ್ಡಿನ ಲೇಬಲ್ಲಿನ ಬಣ್ಣ ನೋಡಬೇಕು

ಕಂಪನಿ ಕೆಲಸದ ಮೇಲೆ ಮೂರು ತಿಂಗಳು ಅಮೆರಿಕದ ಮೆಂಫಿಸ್‌ಗೆ ಬರುತ್ತಿದ್ದೀರಿ, ಹೊಸದಾಗಿ ಟರ್ನ್‌ಟೇಬಲ್ ಕೊಂಡಿದ್ದೀರಿ, ಎಲ್ವಿಸ್ ಮನೆ ಬಿಟ್ಟರೆ ಈ ಊರಲ್ಲಿ ಸಂಗೀತಕ್ಕೆ ಸಂಬಂಧಪಟ್ಟದ್ದು ಏನಿದೆ ಅಂತ ಕೇಳಿದ್ದೀರಿ. ನಾನೂ ಹಾಗೇ ಬಂದವನು. ಫೆಡೆಕ್ಸ್ ಇಲ್ಲೇ ಇರುವುದರಿಂದ ನಮ್ಮ ಸಾಫ್ಟ್‌ವೇರ್ ಮಂದಿ ಈ ಊರಿಗೆ ಹೊಸಬರೇನಲ್ಲ. ಮೊದಲ ವರ್ಷ ಆಫೀಸು, ಮನೆ, ಇಂಡಿಯನ್ ಅಂಗಡಿಯ ಸೋನಾ ಮಸೂರಿ, ಇಷ್ಟರಲ್ಲೇ ಕಳೆದೆ. ನೀವು ಹಾಗೆ ಮಾಡಬೇಡಿ.

ಎಲ್ವಿಸ್ ಮನೆ ಆಮೇಲೆ ನೋಡಿದರಾಯಿತು. ಮೊದಲು ಈಸ್ಟ್ ಮೆಕ್‌ಲೆಮೋರ್ ಅವೆನ್ಯೂಗೆ ಹೋಗಿ. ಕಪ್ಪು ಜನರ ಸೋಲ್ ಸಂಗೀತಕ್ಕೆ ಹೆಸರಾದ ಸ್ಟ್ಯಾಕ್ಸ್ ಎಂಬ ರೆಕಾರ್ಡ್ ಕಂಪನಿ ಬೆಳೆದದ್ದು ಅಲ್ಲೇ. 1960ರಲ್ಲಿ ಅಲ್ಲಿ ಮುಚ್ಚಿಹೋಗಿದ್ದ ಒಂದು ಸಿನಿಮಾ ಟಾಕೀಸು ಇತ್ತು. ಜಿಮ್ ಸ್ಟೀವರ್ಟ್ ಅಂತ ಒಬ್ಬ, ಹಗಲು ಬ್ಯಾಂಕ್ ಕೆಲಸ, ಬಿಡುವಿನಲ್ಲಿ ಪಿಟೀಲು. ಅವನ ಅಕ್ಕ ಎಸ್ಟೆಲ್ ಆಕ್ಸ್‌ಟನ್ ತಮ್ಮನಿಗೆ ರೆಕಾರ್ಡಿಂಗ್ ಯಂತ್ರ ಕೊಡಿಸಲು ಮನೆಯನ್ನೇ ಅಡ ಇಟ್ಟವಳು. ಇಬ್ಬರೂ ಆ ಟಾಕೀಸನ್ನು ಬಾಡಿಗೆಗೆ ಹಿಡಿದರು. ಇಬ್ಬರ ಮನೆತನದ ಹೆಸರಿನ ಮೊದಲೆರಡು ಇಂಗ್ಲಿಷ್ ಅಕ್ಷರ (St, Ax) ಸೇರಿಸಿ 1961ರಲ್ಲಿ ಕಂಪನಿಗೆ ಸ್ಟ್ಯಾಕ್ಸ್ ಅಂತ ಹೆಸರಾಯಿತು. ಕುರ್ಚಿ ಕಿತ್ತರು, ಆದರೆ ನೆಲದ ಇಳಿಜಾರು ಹಾಗೇ ಉಳಿಯಿತು. ಅಲ್ಲಿನ ಸದ್ದಿಗೆ ಒಂದು ಬೇರೆಯೇ ಗುಣ ಬಂದದ್ದು ಆ ಓರೆ ನೆಲದಿಂದ ಅಂತ ಜನ ಈಗಲೂ ಹೇಳುತ್ತಾರೆ.

ನನಗೆ ಸ್ಟುಡಿಯೋಗಿಂತ ಇಷ್ಟವಾದ ಕಥೆ ಅದರ ಮುಂಭಾಗದಲ್ಲಿದ್ದ ಅಂಗಡಿಯದು. ಟಾಕೀಸಿನಲ್ಲಿ ತಿಂಡಿ ಮಾರುತ್ತಿದ್ದ ಜಾಗದಲ್ಲಿ ಎಸ್ಟೆಲ್ ರೆಕಾರ್ಡ್ ಅಂಗಡಿ ಇಟ್ಟಳು. ಸುತ್ತಲಿನ ಕಪ್ಪು ಜನರ ಮಕ್ಕಳು ಸ್ಕೂಲು ಬಿಟ್ಟ ಮೇಲೆ ಬಂದು ಗಂಟೆಗಟ್ಟಲೆ ಹಾಡು ಕೇಳುತ್ತಾ ನಿಲ್ಲುತ್ತಿದ್ದರು. ಯಾವ ಹಾಡಿಗೆ ಅವರ ಕಾಲು ಕುಣಿಯುತ್ತೆ, ಯಾವುದಕ್ಕೆ ಮುಖ ತಿರುಗಿಸುತ್ತಾರೆ ಅಂತ ಅವಳು ನೋಡುತ್ತಿದ್ದಳು. ಒಳಗೆ ಆಗಷ್ಟೇ ಮಾಡಿದ ಹಾಡನ್ನೂ ಅವರ ಮುಂದೆ ಹಾಕುತ್ತಿದ್ದಳು. ಅಂದರೆ ಬಿಳಿಯರ ಕಂಪನಿ ನಿಜ, ಆದರೆ ಕಿವಿ ಆ ಬೀದಿಯದು. ಹಾಗೆ ಅಂಗಡಿಗೆ ಬರುತ್ತಿದ್ದ ಹುಡುಗನೇ ಬುಕರ್ ಟಿ. ಜೋನ್ಸ್. 1962ರಲ್ಲಿ 'ಗ್ರೀನ್ ಆನಿಯನ್ಸ್' ಎಂಬ ಆರ್ಗನ್ ತುಣುಕು ನುಡಿಸಿದಾಗ ಅವನಿಗೆ 17 ವರ್ಷ. ಎದುರಿನ ದಿನಸಿ ಅಂಗಡಿಯಲ್ಲಿ ಸಾಮಾನು ಚೀಲಕ್ಕೆ ತುಂಬುತ್ತಿದ್ದ ಡೇವಿಡ್ ಪೋರ್ಟರ್ ಮುಂದೆ ಐಸಾಕ್ ಹೇಯ್ಸ್ ಜೊತೆ ಸೇರಿ 'ಸೋಲ್ ಮ್ಯಾನ್' ಬರೆದ.

ಬುಕರ್ ಟಿ. ತಂಡದಲ್ಲಿ ಇಬ್ಬರು ಕಪ್ಪು, ಇಬ್ಬರು ಬಿಳಿ. ಈ ಊರಿನ ಹೋಟೆಲುಗಳಲ್ಲಿ ಅವರು ಒಟ್ಟಿಗೆ ಕೂತು ಉಣ್ಣುವುದು ಕಷ್ಟವಿದ್ದ ಕಾಲ ಅದು. ಕಪ್ಪು ದಂಪತಿ ನಡೆಸುತ್ತಿದ್ದ ಲೊರೇನ್ ಮೋಟೆಲ್‌ನಲ್ಲಿ ಆ ತೊಂದರೆ ಇರಲಿಲ್ಲ. ಅಲ್ಲೇ ರೂಮು ಹಿಡಿದು ಹಾಡು ಬರೆಯುತ್ತಿದ್ದರು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಟ್ಟು ಕೊಂದದ್ದು ಅದೇ ಮೋಟೆಲ್‌ನಲ್ಲಿ. ಊರಿನ ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲ ಕೊಡಲು ಅವರು ಬಂದಿದ್ದರು. ಅದು ಈಗ ಮ್ಯೂಸಿಯಂ. ಅರ್ಧ ದಿನ ಇಟ್ಟುಕೊಳ್ಳಿ, ಅವಸರದಲ್ಲಿ ಹೋಗಬೇಡಿ.

ಈಗ ಲೇಬಲ್ಲಿನ ವಿಷಯ. ಇಲ್ಲಿ ಹಳೆಯ 45ಗಳ, ಅಂದರೆ ನಿಮಿಷಕ್ಕೆ 45 ಸುತ್ತು ತಿರುಗುವ ಚಿಕ್ಕ ರೆಕಾರ್ಡುಗಳ, ಡಬ್ಬ ಕೆದಕುವಾಗ ನಡುವೆ ಅಂಟಿಸಿದ ಕಾಗದದ ಲೇಬಲ್ಲಿನಲ್ಲಿ ಎರಡು ಥರದ ಸ್ಟ್ಯಾಕ್ಸ್ ಸಿಗುತ್ತವೆ. ಒಂದು ನೀಲಿ, ರೆಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸಿದ ಚಿತ್ರ. ಇನ್ನೊಂದು ಹಳದಿ, ಚಿಟಿಕೆ ಹೊಡೆಯುವ ಕೈ. ಮೊದಲು ನಾನು ಸುಮ್ನೆ ಡಿಸೈನ್ ಬದಲಾಗಿದೆ ಅಂದುಕೊಂಡಿದ್ದೆ. ವಿಷಯ ಬೇರೆಯೇ ಇತ್ತು. ನೀಲಿ ಕಾಲದಲ್ಲಿ ರೆಕಾರ್ಡುಗಳನ್ನು ದೇಶಕ್ಕೆಲ್ಲ ಹಂಚುತ್ತಿದ್ದದ್ದು ನ್ಯೂಯಾರ್ಕಿನ ಅಟ್ಲಾಂಟಿಕ್ ಕಂಪನಿ. 1965ರ ಕರಾರನ್ನು ಜಿಮ್ ಸರಿಯಾಗಿ ಓದದೆ ಸಹಿ ಹಾಕಿದ್ದ. 1968ರಲ್ಲಿ ಎರಡೂ ಕಂಪನಿ ಬೇರೆಯಾದಾಗ, ಹಂಚಿದ ಹಾಡುಗಳ ಮಾಸ್ಟರ್ ಟೇಪುಗಳೆಲ್ಲ, ಅಂದರೆ ಮೂಲ ಧ್ವನಿಮುದ್ರಣಗಳೆಲ್ಲ, ಅಟ್ಲಾಂಟಿಕ್‌ನವು ಅಂತ ಗೊತ್ತಾಯಿತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಹಾಗೆ. ಅದಕ್ಕೆ ಕೆಲವೇ ತಿಂಗಳ ಹಿಂದೆ, 1967ರ ಡಿಸೆಂಬರ್ 10ರಂದು, ಸ್ಟ್ಯಾಕ್ಸ್‌ನ ದೊಡ್ಡ ಗಾಯಕ ಓಟಿಸ್ ರೆಡ್ಡಿಂಗ್ ವಿಮಾನ ಅಪಘಾತದಲ್ಲಿ ಸತ್ತಿದ್ದ. ವಯಸ್ಸು ಬರೀ 26.

ಹಾಡೂ ಇಲ್ಲ, ಹಾಡುಗಾರನೂ ಇಲ್ಲ. ಆಗ ಆಲ್ ಬೆಲ್ ಎಂಬ ಸ್ಟ್ಯಾಕ್ಸ್‌ನ ಕಪ್ಪು ಅಧಿಕಾರಿ ಹಠ ಹಿಡಿದು 1969ರಲ್ಲಿ ಒಂದೇ ಏಟಿಗೆ 27 ಆಲ್ಬಮ್ ಹೊರತಂದರು. ಗೆದ್ದದ್ದು ಯಾರೂ ಎಣಿಸದಿದ್ದ ಒಂದು: ಐಸಾಕ್ ಹೇಯ್ಸ್‌ನ 'ಹಾಟ್ ಬಟರ್ಡ್ ಸೋಲ್'. ಇಡೀ ಎಲ್‌ಪಿಗೆ ನಾಲ್ಕೇ ಹಾಡು, ಒಂದಂತೂ 18 ನಿಮಿಷ ದಾಟುತ್ತದೆ. ನೀವು ಒಂದೇ ಪ್ಲೇಟು ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ಫೋನಿನಲ್ಲಿ ಕೇಳಿದರೆ ಬೇಜಾರಾಗಬಹುದು. ಸೂಜಿ ಇಟ್ಟು, ದೀಪ ಆರಿಸಿ ಕೂತರೆ ಹೊತ್ತು ಹೋದದ್ದೇ ಗೊತ್ತಾಗಲ್ಲ. ಹಳದಿ ಲೇಬಲ್ ಹುಡುಕಬೇಡಿ, ಇದು ಬಂದದ್ದು ಎಂಟರ್‌ಪ್ರೈಸ್ ಎಂಬ ಅವರದೇ ಉಪ ಲೇಬಲ್ಲಿನಲ್ಲಿ, ಅಂದರೆ ಅದೇ ಕಂಪನಿಯ ಇನ್ನೊಂದು ಹೆಸರಿನಲ್ಲಿ.

1975ರಲ್ಲಿ ಕಂಪನಿ ದಿವಾಳಿಯಾಯಿತು. 1989ರಲ್ಲಿ ಟಾಕೀಸನ್ನೂ ಕೆಡವಿಬಿಟ್ಟರು. ಈಗ ಅಲ್ಲಿರುವ ಸ್ಟ್ಯಾಕ್ಸ್ ಮ್ಯೂಸಿಯಂ ಅದೇ ಜಾಗದಲ್ಲಿ 2003ರಲ್ಲಿ ತೆರೆದದ್ದು. ಇಳಿಜಾರು ನೆಲವನ್ನೂ ಬಿಡದೆ ಮತ್ತೆ ಕಟ್ಟಿದ್ದಾರೆ. ಹೇಯ್ಸ್‌ನ ಚಿನ್ನ ಲೇಪಿಸಿದ ಕ್ಯಾಡಿಲಾಕ್ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡೆ, ಸುಳ್ಯಾಕೆ. ಆದರೆ ನನಗೆ ಜಾಸ್ತಿ ಹಿಡಿಸಿದ್ದು ಪಕ್ಕದ ಸ್ಟ್ಯಾಕ್ಸ್ ಮ್ಯೂಸಿಕ್ ಅಕಾಡೆಮಿ. ಊರಿನ ಮಕ್ಕಳು ಅಲ್ಲಿ ಈ ಹಾಡುಗಳನ್ನೇ ಕಲಿಯುತ್ತಾರೆ.

ರೆಕಾರ್ಡ್ ಕೊಳ್ಳಲು ಮ್ಯಾಡಿಸನ್ ಅವೆನ್ಯೂನ ಶಾಂಗ್ರಿ-ಲಾ, ಕೂಪರ್-ಯಂಗ್ ಬಡಾವಣೆಯ ಗೋನರ್ ಅಂಗಡಿಗಳಿವೆ. ದುಡ್ಡು ಖರ್ಚು ಮಾಡದೆ ಸುಮ್ನೆ ಕೂತು ಕೇಳಲು ಕ್ರಾಸ್‌ಟೌನ್ ಕಾನ್ಕೋರ್ಸ್ ಕಟ್ಟಡದ ಮೆಂಫಿಸ್ ಲಿಸನಿಂಗ್ ಲ್ಯಾಬ್. 45ಗಳಿಗೆ ನಡುವೆ ದೊಡ್ಡ ತೂತು ಇರುತ್ತದೆ, ಅದಕ್ಕೊಂದು ಅಡಾಪ್ಟರ್ ಬೇಕು, ಮರೆಯಬೇಡಿ. ಜುಲೈನಲ್ಲಿ ಬರುವುದಾದರೆ ಇನ್ನೊಂದು ಮಾತು: ಕೊಂಡದ್ದನ್ನು ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ನನ್ನ ನೀಲಿ ಲೇಬಲ್ಲಿನ ಒಂದು 45 ಹಾಗೆ ಬಿಸಿಲಿಗೆ ಸೊಟ್ಟಗಾಗಿ ಹಪ್ಪಳದಂತಾಯಿತು. ಎಸೆಯಲು ಮನಸ್ಸಾಗದೆ ಗೋಡೆಗೆ ತೂಗುಹಾಕಿದ್ದೇನೆ.