ಮೂರು ಸಲ ಗ್ಯಾಸ್ ತುಂಬಿದ ಫ್ರಿಜ್

ಪತ್ರ: ಕಳೆದ ದಸರಾ ಆಫರ್‌ನಲ್ಲಿ ಮೈಸೂರಿನ ಅಂಗಡಿಯೊಂದರಲ್ಲಿ ಸಿಂಗಲ್ ಡೋರ್ ಫ್ರಿಜ್ ಕೊಂಡೆವು. ಎಂಟು ತಿಂಗಳಿಗೇ ಕೂಲಿಂಗ್ ನಿಂತಿತು. ಕಂಪನಿಯ ಮೆಕ್ಯಾನಿಕ್ ಮೂರು ಸಲ ಗ್ಯಾಸ್ ತುಂಬಿ ಹೋದ. ಪ್ರತಿಸಲ ತಿಂಗಳೊಳಗೆ ಮತ್ತದೇ ಪಾಡು. ಈಗ ಹನ್ನೊಂದನೇ ತಿಂಗಳು. ಅಂಗಡಿಯವರು ‘ಕಂಪನಿಗೆ ಹೇಳಿ’ ಎನ್ನುತ್ತಾರೆ. ಬಿಲ್ಲಿನಲ್ಲಿ ‘ಮಾರಿದ ಸರಕು ವಾಪಸ್ ಇಲ್ಲ’ ಎಂದು ಅಚ್ಚಾಗಿದೆ. ಕೇಸು ಹಾಕಲು ಮೈಸೂರಿಗೆ ಅಲೆಯಬೇಕೇ?
– ಓದುಗರು, ಗುತ್ತಲು, ಮಂಡ್ಯ

ಉತ್ತರ: ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೂರುದಾರರು ತಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ನಿಮಗೆ ಮಂಡ್ಯವೇ ಸಾಕು. ಆದರೆ ಮೊದಲು ಆ ಗ್ಯಾಸಿನ ವಿಚಾರ, ನಿಮ್ಮ ಕೇಸು ನಿಂತಿರುವುದೇ ಅದರ ಮೇಲೆ.

ಫ್ರಿಜ್ಜಿನ ಗ್ಯಾಸು ಸ್ಕೂಟರಿನ ಪೆಟ್ರೋಲಿನಂತೆ ಖರ್ಚಾಗುವ ಪದಾರ್ಥವಲ್ಲ. ಬೆಸೆದು ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸು ವರ್ಷಗಟ್ಟಲೆ ಸುತ್ತುತ್ತದೆ. ಕಡಿಮೆಯಾಗಿದೆ ಎಂದರೆ ಸೋರಿದೆ ಎಂದೇ ಅರ್ಥ. ಈಗಿನ ಬಹುತೇಕ ಮನೆ ಫ್ರಿಜ್‌ಗಳಲ್ಲಿರುವುದು ಆರ್600ಎ ಎಂಬ ಗ್ಯಾಸು. ಅದು ಬೇಕಾಗುವುದೇ ಕೆಲವು ಹತ್ತು ಗ್ರಾಂ, ಎಷ್ಟೆಂದು ರೇಟಿಂಗ್ ಪ್ಲೇಟಿನಲ್ಲಿ ಬರೆದಿರುತ್ತದೆ. ಸರಿಯಾಗಿ ಮಾಡುವವನು ಮೊದಲು ಕೊಳವೆಗೆ ನೈಟ್ರೋಜನ್ ಒತ್ತಡ ಕೊಟ್ಟು, ಕೂಡುಗಳಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುವ ಜಾಗ ಹುಡುಕುತ್ತಾನೆ. ಅಲ್ಲಿ ಬೆಸೆದು, ತೇವ ಹೀರುವ ಫಿಲ್ಟರ್ ಡ್ರೈಯರ್ ಬದಲಿಸಿ, ವ್ಯಾಕ್ಯೂಮ್ ಪಂಪಿನಿಂದ ಗಾಳಿ–ತೇವ ಎಳೆದು, ಆಮೇಲೆ ತಕ್ಕಡಿಯಲ್ಲಿ ತೂಗಿ ಗ್ಯಾಸ್ ಬಿಡುತ್ತಾನೆ. ಸೋರುವ ಜಾಗ ಹುಡುಕದೆ ಬರೀ ಗ್ಯಾಸ್ ತುಂಬುವುದು ತೂತು ಕೊಡಕ್ಕೆ ನೀರು ಹೊಯ್ದಂತೆ. ಬಾಗಿಲ ಚೌಕಟ್ಟಿನೊಳಗೆ ಹುದುಗಿರುವ ಕೊಳವೆಯೇ ಸೋರುತ್ತಿದ್ದರಂತೂ ಅದನ್ನು ಮುಟ್ಟುವುದೇ ಕಷ್ಟ. ಬದಲಿ ಫ್ರಿಜ್ ಕೇಳಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ನೀವೇ ಒಂದು ಪರೀಕ್ಷೆ ಮಾಡಿ. ಐಸೆಲ್ಲ ಕರಗಿಸಿ, ಒರೆಸಿ, ಮೂರ್ನಾಲ್ಕು ಗಂಟೆ ಓಡಿಸಿ ಫ್ರೀಜರ್ ನೋಡಿ. ಒಂದು ಮೂಲೆಯಲ್ಲಷ್ಟೇ ಹಿಮ ಕಟ್ಟಿ ಉಳಿದದ್ದು ಬರೀ ಒದ್ದೆಯಾಗಿದ್ದರೆ ಗ್ಯಾಸ್ ಕಡಿಮೆಯಿದೆ ಎಂಬುದರ ಗುರುತು ಅದು. ತಾರೀಖು ಕಾಣುವಂತೆ ಫೋಟೊ ತೆಗೆಯಿರಿ. ಫ್ರೀಜರಿನ ತಗಡಿನ ಮೇಲೆ ಚಾಕುವಿನಿಂದ ಐಸ್ ಕೆತ್ತಿದ ಗೀರಿದ್ದರೆ ಮಾತ್ರ ಕಷ್ಟ, ‘ನಿಮ್ಮದೇ ತಪ್ಪು’ ಎಂದು ಕಂಪನಿ ಕೈತೊಳೆದುಕೊಳ್ಳುತ್ತದೆ.

ಮೂರೂ ಭೇಟಿಯ ಜಾಬ್ ಶೀಟ್ (ಮೆಕ್ಯಾನಿಕ್ ಮಾಡಿದ ಕೆಲಸ ಬರೆದುಕೊಡುವ ಚೀಟಿ) ಇದೆಯೇ? ಇಲ್ಲದಿದ್ದರೆ ದೂರು ಸಂಖ್ಯೆ ಕೊಟ್ಟು ಇಮೇಲ್‌ನಲ್ಲಿ ಕೇಳಿ. ‘ಗ್ಯಾಸ್ ಚಾರ್ಜ್’ ಎಂದು ಮೂರು ಸಲ ಬರೆದಿದ್ದರೆ ಸೋರಿಕೆ ಹುಡುಕಲಿಲ್ಲ ಎಂಬುದನ್ನು ಅವರೇ ಬರೆದುಕೊಟ್ಟಂತೆ. ಇನ್ನು ಮುಂದೆ ಮೆಕ್ಯಾನಿಕ್ ‘ಒಟಿಪಿ ಹೇಳಿ ಮೇಡಂ’ ಎಂದರೆ ತಕ್ಷಣ ಹೇಳಬೇಡಿ. ಆ ನಾಲ್ಕು ಅಂಕಿ ಕೊಟ್ಟ ಗಳಿಗೆಗೆ ಅವರ ಕಂಪ್ಯೂಟರಿನಲ್ಲಿ ನಿಮ್ಮ ದೂರು ‘ಪರಿಹಾರವಾಗಿದೆ’ ಎಂದಾಗುತ್ತದೆ.

ಜಾಹೀರಾತಿನ ದಪ್ಪಕ್ಷರದ ‘10 ವರ್ಷ ವಾರಂಟಿ’ ಸಾಮಾನ್ಯವಾಗಿ ಕಂಪ್ರೆಸರಿಗೆ ಮಾತ್ರ. ಗ್ಯಾಸು, ಕೊಳವೆ ಎಲ್ಲ 1 ವರ್ಷದ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಹನ್ನೆರಡನೇ ತಿಂಗಳು ತುಂಬುವ ಮೊದಲೇ ಅಂಗಡಿ, ಕಂಪನಿ ಇಬ್ಬರಿಗೂ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ: ಕೊಂಡ ದಿನ, ಮಾಡೆಲ್, ಸೀರಿಯಲ್ ನಂಬರ್, ಮೂರು ಭೇಟಿಯ ತಾರೀಖು, ‘15 ದಿನದೊಳಗೆ ಬದಲಿ ಫ್ರಿಜ್ ಇಲ್ಲವೇ ಪೂರ್ತಿ ಹಣ’. ಅಂಗಡಿ–ಕಂಪನಿಯದು ಎತ್ತು ಏರಿಗೆ, ಕೋಣ ನೀರಿಗೆ ಎಂಬ ಆಟ. ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿದರೆ ಅದು ನಿಲ್ಲುತ್ತದೆ.

ಬಿಲ್ಲಿನ ಆ ಸಾಲಿಗೆ ಹೆದರಬೇಡಿ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆಯದಿರುವುದು ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ನಿಮ್ಮದು 30 ದಿನ ದಾಟಿದೆ, ಆ ಕಲಮನ್ನು ನೆಚ್ಚಬೇಡಿ. ಸರಕಿನ ದೋಷ, ಸೇವಾ ನ್ಯೂನತೆ ಎಂದೇ ಬರೆಯಿರಿ.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಅದಕ್ಕೂ ಬಗ್ಗದಿದ್ದರೆ ಆಯೋಗ. 5 ಲಕ್ಷ ರೂಪಾಯಿವರೆಗಿನ ಸರಕಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, 2 ವರ್ಷದ ಕಾಲಾವಕಾಶವಿದೆ. ಪರೀಕ್ಷೆ ಬೇಕಿಲ್ಲದ ದೂರನ್ನು 3 ತಿಂಗಳಲ್ಲಿ, ಬೇಕಾದದ್ದನ್ನು 5 ತಿಂಗಳಲ್ಲಿ ಮುಗಿಸಬೇಕೆಂಬುದು ಕಾಯ್ದೆಯ ಆಸೆ. ವಾಯಿದೆಗಳ ಲೆಕ್ಕ ಬೇರೆ.

ಅಲ್ಲಿಯವರೆಗೆ ಹೊರಗಿನ ಮೆಕ್ಯಾನಿಕ್ಕಿನಿಂದ ಫ್ರಿಜ್ ಬಿಚ್ಚಿಸಬೇಡಿ. ಈ ದಸರೆಗೆ ಎಕ್ಸ್‌ಚೇಂಜ್ ಆಫರ್ ಬಂದರೂ ಅದನ್ನು ಕೊಟ್ಟುಬಿಡಬೇಡಿ. ಆಯೋಗ ಪರೀಕ್ಷೆಗೆ ಕಳಿಸಬೇಕೆಂದರೆ ಫ್ರಿಜ್ ಮನೆಯಲ್ಲಿರಬೇಕಲ್ಲ!