ಅಂಗವಿಕಲರ ಕಾರ್ಡ್ ಇದ್ದರೆ ಮುಂಬೈ ಲೋಕಲ್‌ನಲ್ಲಿ ಟಿಕೆಟ್ ಬೇಡವಾ?

ನಿಮ್ಮ ತಮ್ಮನಿಗೆ ಕುರ್ಲಾದಲ್ಲಿ ಕೆಲಸ ಸಿಕ್ಕಿದೆ, ಡೊಂಬಿವಲಿಯಲ್ಲಿ ರೂಮು, ಅಪಘಾತದಿಂದ ಒಂದು ಕಾಲು ಊನ, ಯುಡಿಐಡಿ ಕಾರ್ಡ್ (ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ) ಇದೆ. ಹುಬ್ಬಳ್ಳಿಯಿಂದ ಬಂದ ಮೇಲೆ ಲೋಕಲ್ ರೈಲು ಫ್ರೀನಾ ಅಂತ ಕೇಳಿದ್ದೀರಿ.

ಫ್ರೀ ಅಲ್ಲ. ಅರ್ಧ ದರಕ್ಕೆ ತಿಂಗಳ ಪಾಸ್ ಸಿಗುತ್ತದೆ, ಅಷ್ಟೇ. ಅದಕ್ಕೂ ಯುಡಿಐಡಿ ಒಂದೇ ಸಾಲದು. ರೈಲ್ವೆಯವರದೇ ಬೇರೆ ರಿಯಾಯಿತಿ ಕಾರ್ಡ್ ಇದೆ, ಅದು ಬೇಕು.

ನನ್ನದು ಪೋಲಿಯೋ ಕಾಲು. ಕುಂದಾಪುರದ ಕಡೆಯವನು, ಡೊಂಬಿವಲಿಯಲ್ಲೇ ಇದ್ದೇನೆ, ಕೆಲಸ ಮುಂಬೈಯ ಫೋರ್ಟ್‌ನಲ್ಲಿ. ಬಂದ ಹೊಸದರಲ್ಲಿ ನಾನೂ ಹೀಗೇ ತಿಳಿದಿದ್ದೆ. ಹ್ಯಾಂಡಿಕ್ಯಾಪ್ ಡಬ್ಬಾ, ಅಂದರೆ ಲೋಕಲ್‌ನಲ್ಲಿ ಅಂಗವಿಕಲರಿಗೆ ಮೀಸಲಾದ ಬೋಗಿ, ಅದು ಟಿಕೆಟ್ ಇಲ್ಲದ ಡಬ್ಬಾ ಅಂದುಕೊಂಡು ಹಾಯಾಗಿ ಕೂತಿದ್ದೆ. ಠಾಣೆಯಲ್ಲಿ ಟಿಸಿ ಹತ್ತಿದರು. ಡಾಕ್ಟರ್ ಸರ್ಟಿಫಿಕೇಟ್ ತೋರಿಸಿದೆ. ಪೂರ್ತಿ ಓದಿ, ಮಡಚಿ ವಾಪಸ್ ಕೊಟ್ಟು, 250 ರೂಪಾಯಿ ದಂಡದ ರಸೀದಿ ಹರಿದರು. ತಪ್ಪು ನನ್ನದೇ.

ಇನ್ನು ರೈಲ್ವೆ ಕಾರ್ಡ್ ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ರೈಲ್ವೆಯ ಈ ಕಾರ್ಡ್ ಸಿಗುವುದು ನಾಲ್ಕಕ್ಕೆ ಮಾತ್ರ: ಕೈಕಾಲಿನ ಊನ, ಪೂರ್ತಿ ಕುರುಡು, ಬುದ್ಧಿಮಾಂದ್ಯ, ಕಿವಿ ಕೇಳದ, ಮಾತು ಬಾರದ ಊನ ಎರಡೂ ಸೇರಿದ್ದು. ಕೈಕಾಲಿನ ಊನಕ್ಕೆ ಇನ್ನೊಂದು ಕೊಕ್ಕೆ. 'ಜೊತೆಗಾರರಿಲ್ಲದೆ ಪ್ರಯಾಣ ಮಾಡಲಾರರು' ಅಂತ ಸರ್ಕಾರಿ ಡಾಕ್ಟರ್ ರೈಲ್ವೆ ಫಾರಂನಲ್ಲೇ ಬರೆದು ಸಹಿ ಹಾಕಬೇಕು. ನಾನು ಆಸ್ಪತ್ರೆಗೆ ಒಬ್ಬನೇ ಹೋಗಿದ್ದೆ. ಡಾಕ್ಟರ್ ನನ್ನ ಕಾಲಿಗೆ ಕಟ್ಟಿದ ಕ್ಯಾಲಿಪರ್ (ಆಧಾರದ ಪಟ್ಟಿ) ನೋಡಿದರು, ಬಾಗಿಲ ಕಡೆ ನೋಡಿದರು. "ಒಬ್ಬರೇ ಬಂದಿದ್ದೀರಲ್ಲ, ಹೇಗೆ ಬರೆಯಲಿ?" ಅಂದರು. ಎರಡು ವಾರ ಬಿಟ್ಟು ಹೆಂಡತಿಯನ್ನು ಕರೆದುಕೊಂಡು ಹೋದೆ, ಸಹಿ ಬಿತ್ತು. ಕಾಲು ಮಾತ್ರ ಅದೇ ಕಾಲು! ಒಬ್ಬರೇ ದುಡಿದು ತಿನ್ನುವವರಿಗೆ ಇದೆಂಥ ನಿಯಮವೋ. ಆದರೂ ನಿಮ್ಮ ತಮ್ಮನ ಜೊತೆ ನೀವೂ ಹೋಗಿ.

ಈ ಕೆಲಸ ಹುಬ್ಬಳ್ಳಿಯಲ್ಲೇ ಮುಗಿಸಿಕೊಳ್ಳಲಿ. ಕಾರ್ಡ್ ಕೊಡುವ ಡಿಆರ್‌ಎಂ ಆಫೀಸ್ (ರೈಲ್ವೆಯ ವಿಭಾಗೀಯ ಕಚೇರಿ) ಅಲ್ಲೇ ಇದೆ. ರೈಲ್ವೆಯವರು ಸರ್ಟಿಫಿಕೇಟ್ ನಿಜವೋ ಅಲ್ಲವೋ ಅಂತ ಆಸ್ಪತ್ರೆಗೆ ಕೇಳಿ ನೋಡುತ್ತಾರೆ, ಊರಿನದ್ದಾದರೆ ಬೇಗ ಆಗುತ್ತದೆ. ಅರ್ಜಿ ಆನ್‌ಲೈನ್‌ನಲ್ಲೂ ಹಾಕಬಹುದು. ಕಾರ್ಡ್ ಕೈಗೆ ಬಂದರೆ ಊರಿಗೆ ಹೋಗಿ ಬರಲೂ ಲಾಭ. ಸ್ಲೀಪರ್, ತ್ರೀ ಎಸಿಯಲ್ಲಿ 75% ರಿಯಾಯಿತಿ, ಜೊತೆಗೆ ಬರುವ ಒಬ್ಬರಿಗೂ ಅಷ್ಟೇ. ಟೂ ಎಸಿಯಲ್ಲಿ 50%.

ಬಸ್ ಬಗ್ಗೆ ಒಂದೇ ಮಾತು. ಕರ್ನಾಟಕದ ಬಸ್ ಪಾಸ್ ಇಲ್ಲಿ ನಡೆಯುವುದಿಲ್ಲ, ಅದು ಮನೆಯಿಂದ 100 ಕಿ.ಮೀ. ಒಳಗೆ ಓಡಾಡಲು ಕೊಟ್ಟಿದ್ದು.

ಇನ್ನು ಡಬ್ಬಾ. ಪ್ಲಾಟ್‌ಫಾರಂನಲ್ಲಿ ಗಾಲಿಕುರ್ಚಿಯ ಗುರುತು ಎಲ್ಲಿದೆಯೋ ಅಲ್ಲೇ ಅದು ಬಂದು ನಿಲ್ಲುತ್ತದೆ. ಕಣ್ಣು ಕಾಣದವರಿಗಾಗಿ ಅಲ್ಲಿ ಪೀಂ ಪೀಂ ಅನ್ನುವ ಬೀಪರ್ ಇಟ್ಟಿರುತ್ತಾರೆ. ನಮ್ಮ ಡಬ್ಬಾದ ಗೆಳೆಯರೊಬ್ಬರು ಆ ಸದ್ದು ಹಿಡಿದು ಬಂದು, ಕೋಲಿನಿಂದ ಒಮ್ಮೆ ಅಂಚು ತಟ್ಟಿ, ಸರಿಯಾಗಿ ಬಾಗಿಲ ಜಾಗದಲ್ಲೇ ನಿಲ್ಲುತ್ತಾರೆ. ಬೀಪರ್ ಕೆಟ್ಟ ದಿನ ಮಾತ್ರ "ಯಾರಿದ್ದೀರಿ?" ಅಂತ ಕೂಗುತ್ತಾರೆ. ಕ್ಯಾನ್ಸರ್ ರೋಗಿಗಳು, ಗರ್ಭಿಣಿಯರು ಕೂಡ ಇದೇ ಡಬ್ಬಾ ಹತ್ತಬಹುದು. ಗಟ್ಟಿಮುಟ್ಟಾದವರೂ ಸುಮ್ನೆ ನುಗ್ಗುತ್ತಾರೆ. ಕಾನೂನಿನಲ್ಲಿ 500 ರೂಪಾಯಿವರೆಗೆ ದಂಡ ಇದೆ, ಆದರೆ ಎಂಟು ಗಂಟೆಯ ರಶ್‌ನಲ್ಲಿ ಯಾರು ಹಿಡಿಯುತ್ತಾರೆ ಹೇಳಿ? ಜಗಳಕ್ಕೆ ಹೋಗದೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಲಿ.

ಮೊದಲ ತಿಂಗಳು ಡೊಂಬಿವಲಿಯಿಂದಲೇ ಹೊರಡುವ ಲೋಕಲ್ ಹಿಡಿಯಲಿ. ಕರ್ಜತ್, ಕಸಾರಾ ಕಡೆಯಿಂದ ಬರುವುದು ಇಲ್ಲಿಗೆ ತಲುಪುವಾಗಲೇ ತುಂಬಿರುತ್ತದೆ. ಕಾರ್ಡ್‌ನ ಜೆರಾಕ್ಸ್ ಮನೆಯಲ್ಲಿಟ್ಟು ಒರಿಜಿನಲ್ಲೇ ಜೇಬಿನಲ್ಲಿರಲಿ.